ವೀಸಾ ಕೊಡಿಸುತ್ತೇವೆ ಎನ್ನದ ಕಚೇರಿ: ತುಮಕೂರಿನ ಒಂದು ಭಾಷಾಂತರ ಮತ್ತು ದಾಖಲೆ ಸೇವೆಯ ಬಗ್ಗೆ

ತುಮಕೂರಿನ ಟೌನ್‌ಹಾಲ್ ವೃತ್ತದಿಂದ ಐದಾರು ನಿಮಿಷ ನಡೆದರೆ ಸಿಗುವ ಒಂದು ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದೇ ಕೋಣೆಯ ಕಚೇರಿಯೊಂದಿದೆ. ಕನ್ನಡದ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸುವುದು ಮತ್ತು ವಿದೇಶದ ವೀಸಾ ಅರ್ಜಿಗೆ ಬೇಕಾದ ಕಾಗದಪತ್ರಗಳನ್ನು ಕ್ರಮವಾಗಿ ಜೋಡಿಸಿಕೊಡುವುದು ಅಲ್ಲಿಯ ಕೆಲಸ. ಬ್ರಿಟನ್ನಿನ ಪ್ರಜೆಯಾಗಿರುವ ನನ್ನ ಹೆಂಡತಿಯ ಜೊತೆ ಅಲ್ಲಿ ನೆಲೆಸುವುದಕ್ಕಾಗಿ ನಾನು 2025ರ ಮೇ ತಿಂಗಳಲ್ಲಿ ಸಂಗಾತಿ ವೀಸಾಕ್ಕೆ ಅರ್ಜಿ ಸಲ್ಲಿಸಿದೆ. ಅದರ ಪೂರ್ತಿ ಕಡತ ಸಿದ್ಧವಾದದ್ದು ಆ ಕೋಣೆಯಲ್ಲಿ. ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅನುಭವವನ್ನು ಬರೆಯಲೇ ಎಂದು ಕೇಳಿದಾಗ ಯಜಮಾನರು, "ಬರೀರಿ ಮೇಷ್ಟ್ರೇ, ಆದ್ರೆ ಹೆಸರು ಹಾಕ್ಬೇಡಿ. ಇರೋದು ನಾವಿಬ್ಬರೇ. ಬಂದವರನ್ನ ಮೆಟ್ಟಿಲ ಮೇಲೆ ಕಾಯಿಸಿ ವಾಪಸ್ ಕಳಿಸೋದು ನನಗೆ ಆಗಲ್ಲ" ಎಂದರು. ಅವರ ಮಾತನ್ನು ಮೀರುವುದಿಲ್ಲ. ಟೌನ್‌ಹಾಲಿನ ಸುತ್ತಮುತ್ತ ಕೋರ್ಟಿನಿಂದ ನಿವೃತ್ತರಾದ ಭಾಷಾಂತರಕಾರರು ಎಲ್ಲಿ ಕೂರುತ್ತಾರೆ ಎಂದು ವಿಚಾರಿಸಿದರೆ ದಾರಿ ತೋರಿಸುವವರು ಸಿಗುತ್ತಾರೆ.

ನಾನು ಗುಬ್ಬಿ ತಾಲ್ಲೂಕಿನವನು, ತುಮಕೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕ. ನನ್ನ ಹೆಂಡತಿ ಇಲ್ಲಿಯೇ ನರ್ಸಿಂಗ್ ಓದಿ, 2017ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದವಳು. ಐದು ವರ್ಷದ ನಂತರ ಅಲ್ಲಿ ಕಾಯಂ ವಾಸದ ಹಕ್ಕು ಪಡೆದು, ಅದಾದ ಒಂದು ವರ್ಷಕ್ಕೆ ಪೌರತ್ವವನ್ನೂ ಪಡೆದಳು. ನಮ್ಮ ದೇಶದ ಕಾನೂನು ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಈಗ ಸಾಗರೋತ್ತರ ಭಾರತೀಯರಿಗೆ ಕೊಡುವ ಓಸಿಐ ಕಾರ್ಡಿನ ಮೇಲೆ ಊರಿಗೆ ಬಂದು ಹೋಗುತ್ತಾಳೆ. 2023ರ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಯಲ್ಲಿ ಎರಡೂ ಮನೆಯವರು ಸೇರಿದ್ದಾಗ ನಮ್ಮ ಪರಿಚಯವಾಯಿತು, 2024ರ ನವೆಂಬರಿನಲ್ಲಿ ಮದುವೆಯಾಯಿತು. ಗಂಡನಾದವನು ಹೆಂಡತಿಯ ಹಿಂದೆ ಹೋಗುವುದೇ ಎಂದು ಕೇಳಿದ ಬಂಧುಗಳಿದ್ದಾರೆ. ಅವಳು ಏಳು ವರ್ಷ ರಾತ್ರಿ ಪಾಳಿ ಮಾಡಿ ಕಟ್ಟಿಕೊಂಡ ಬದುಕು ಅಲ್ಲಿದೆ. ಹೋಗುವುದು ನಾನೇ ಸರಿ ಎಂದು ನನಗೆ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ಈ ವೀಸಾದ ಅಗತ್ಯಗಳನ್ನು ಮೊದಲು ಸ್ವಲ್ಪ ಹೇಳದಿದ್ದರೆ ಈ ಸೇವೆಯ ಬೆಲೆ ತಿಳಿಯುವುದಿಲ್ಲ. ಮದುವೆ ಕಾನೂನುಬದ್ಧವಾಗಿರಬೇಕು, ಗಂಡಹೆಂಡಿರು ಮುಖತಃ ಭೇಟಿಯಾಗಿರಬೇಕು, ಸಂಬಂಧ ನಿಜವಾದದ್ದು ಎಂದು ತೋರಿಸಬೇಕು. ಬ್ರಿಟನ್ನಿನಲ್ಲಿರುವ ಸಂಗಾತಿಯ ವರಮಾನ ವರ್ಷಕ್ಕೆ ಕನಿಷ್ಠ 29,000 ಪೌಂಡ್ ಇರಬೇಕು. 2024ರ ಏಪ್ರಿಲ್ 11ಕ್ಕೆ ಮೊದಲು ಈ ಮಿತಿ 18,600 ಪೌಂಡ್ ಇತ್ತು. ಹೊರದೇಶದಿಂದ ಅರ್ಜಿ ಹಾಕುವವನು ತನ್ನ ಊರಿನಲ್ಲಿ ಎಷ್ಟೇ ದುಡಿಯುತ್ತಿದ್ದರೂ ಆ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ವರಮಾನದ ಬದಲು ಬರೀ ಉಳಿತಾಯವನ್ನೇ ತೋರಿಸುವುದಾದರೆ 88,500 ಪೌಂಡ್ ಆರು ತಿಂಗಳಿನಿಂದ ಖಾತೆಯಲ್ಲಿರಬೇಕು. ಇದರ ಜೊತೆಗೆ ವಾಸಕ್ಕೆ ತಕ್ಕ ಮನೆಯ ದಾಖಲೆ, ಮಾನ್ಯತೆ ಪಡೆದ ಚಿಕಿತ್ಸಾಲಯದಿಂದ ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರ ಮತ್ತು ಇಂಗ್ಲಿಷ್ ಆಡುವ, ಕೇಳಿ ತಿಳಿಯುವ ಸಾಮರ್ಥ್ಯದ ಎ1 ಎಂಬ ಮೊದಲ ಹಂತದ ಪರೀಕ್ಷೆ ಬೇಕು. ಎಲ್ಲವೂ ಸರಿಯಿದ್ದರೆ 33 ತಿಂಗಳ ವೀಸಾ ಸಿಗುತ್ತದೆ. ಅದನ್ನು ಅಲ್ಲಿಯೇ ಒಮ್ಮೆ ವಿಸ್ತರಿಸಿಕೊಂಡು, ಐದು ವರ್ಷ ತುಂಬಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ನಾನು ಮೊದಲು ಹೋದದ್ದು ಈ ಕಚೇರಿಗಲ್ಲ, ಬೆಂಗಳೂರಿನ ಒಂದು ವೀಸಾ ಏಜೆನ್ಸಿಗೆ. ಗಾಜಿನ ಬಾಗಿಲು, ಗೋಡೆಯ ತುಂಬ ದೇಶದೇಶಗಳ ಬಾವುಟ. ಒಂದೂಕಾಲು ಲಕ್ಷ ರೂಪಾಯಿ ಕೊಟ್ಟರೆ ಮೂರು ತಿಂಗಳಲ್ಲಿ ವೀಸಾ ಗ್ಯಾರಂಟಿ ಎಂದರು. ಇಪ್ಪತ್ತೈದು ಸಾವಿರ ಮುಂಗಡ ಕಟ್ಟಿದೆ. ಆಮೇಲೆ ಶುರುವಾದದ್ದು ಕಾಗದಗಳ ಪಟ್ಟಿ. ಪೊಲೀಸ್ ನಡತೆ ಪ್ರಮಾಣಪತ್ರ ತನ್ನಿ, ಮದುವೆ ಪ್ರಮಾಣಪತ್ರಕ್ಕೆ ವಿದೇಶದಲ್ಲಿ ಮಾನ್ಯವಾಗಲು ಹಾಕುವ ಅಪೋಸ್ಟಿಲ್ ಮೊಹರು ಹಾಕಿಸಿ, ಅಪ್ಪನ ತೋಟದ ಪಹಣಿ ತನ್ನಿ, ಮನೆಯ ಬೆಲೆ ಕಟ್ಟಿಸಿ, ಲೆಕ್ಕಪರಿಶೋಧಕರಿಂದ ಆಸ್ತಿಯ ಪ್ರಮಾಣಪತ್ರ ಮಾಡಿಸಿ. ಒಂದೊಂದಕ್ಕೂ ಬೇರೆ ಶುಲ್ಕ. ಜನವರಿಯಿಂದ ಮಾರ್ಚಿನ ತನಕ ಶನಿವಾರ ಶನಿವಾರ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಂದೆ. ಅಷ್ಟರಲ್ಲಿ ಏಪ್ರಿಲ್ 9 ಬಂದು, ಬ್ರಿಟನ್ ಸರ್ಕಾರ ಅರ್ಜಿಯ ಶುಲ್ಕವನ್ನು 1,846 ಪೌಂಡಿನಿಂದ 1,938 ಪೌಂಡಿಗೆ ಏರಿಸಿತು. ಆ ಮೂರು ತಿಂಗಳು ವ್ಯರ್ಥವಾಗದಿದ್ದರೆ 92 ಪೌಂಡ್ ಉಳಿಯುತ್ತಿತ್ತು. ಅವರು ಮಾಡಿಸಿದ್ದ ಅನುವಾದವನ್ನು ಓದಿದ ದಿನ ನನ್ನ ಸಹನೆ ಮುಗಿಯಿತು. ಅದರ ವಿಷಯವನ್ನು ಮುಂದೆ ಹೇಳುತ್ತೇನೆ. ಜಗಳವಾಡಿ ಹತ್ತು ಸಾವಿರ ವಾಪಸ್ ಪಡೆದೆ, ಹದಿನೈದು ಸಾವಿರ ಹೋಯಿತು.

ತುಮಕೂರಿನ ಕಚೇರಿಗೆ ನನ್ನನ್ನು ಕಳಿಸಿದವರು ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಅಕ್ಕನ ಮಗಳ ಕಡತ ಅಲ್ಲಿಯೇ ಆಗಿತ್ತಂತೆ. ಯಜಮಾನರು ಜಿಲ್ಲಾ ನ್ಯಾಯಾಲಯದಲ್ಲಿ ಭಾಷಾಂತರಕಾರರಾಗಿ ದುಡಿದು ನಿವೃತ್ತರಾದವರು. ಅವರ ಸೊಸೆ ಕಂಪ್ಯೂಟರ್ ಮತ್ತು ಸ್ಕ್ಯಾನರ್ ನೋಡಿಕೊಳ್ಳುತ್ತಾರೆ. ನಾನು ಏಜೆನ್ಸಿ ಹೇಳಿದ್ದೆಲ್ಲವನ್ನೂ ತುಂಬಿಕೊಂಡಿದ್ದ ದಪ್ಪ ಫೈಲನ್ನು ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ಹಾಳೆಯನ್ನು ತೆಗೆದು ಎರಡು ರಾಶಿ ಮಾಡುತ್ತಾ ಹೋದರು. ಅರ್ಧ ಗಂಟೆಯ ನಂತರ ಬಲಗಡೆಯ ರಾಶಿ ಎಡಗಡೆಯದಕ್ಕಿಂತ ಮೂರು ಪಟ್ಟು ಎತ್ತರವಾಗಿತ್ತು. "ಇದೆಲ್ಲ ಮನೆಗೆ ತಗೊಂಡು ಹೋಗಿ ಬೀರುವಿನಲ್ಲಿಡಿ" ಎಂದು ಅವರು ತೋರಿಸಿದ್ದು ಆ ಎತ್ತರದ ರಾಶಿಯನ್ನು. ತೆಂಗಿನ ತೋಟದ ಪಹಣಿ, ಮನೆಯ ಬೆಲೆಪಟ್ಟಿ, ಅಪ್ಪನ ಠೇವಣಿ ರಸೀದಿ ಎಲ್ಲವೂ ಅದರಲ್ಲಿದ್ದವು. ಪ್ರವಾಸಕ್ಕೆ ಹೋಗುವವನು ತಾನು ವಾಪಸ್ ಬರುತ್ತೇನೆಂದು ತೋರಿಸಲು ಊರಿನ ಆಸ್ತಿಯನ್ನು ಮುಂದಿಡುತ್ತಾನೆ. ಹೆಂಡತಿಯ ಜೊತೆ ಬಾಳಲು ಹೋಗುವವನು ವಾಪಸ್ ಬರುವ ಪುರಾವೆಯನ್ನು ಏಕೆ ಕೊಡಬೇಕು ಎಂದು ಅವರು ಕೇಳಿದಾಗ, ನಾಲ್ಕು ತಿಂಗಳಲ್ಲಿ ಮೊದಲ ಸಲ ಈ ವೀಸಾದ ಸ್ವರೂಪ ನನಗೆ ಅರ್ಥವಾಯಿತು. ಪೊಲೀಸ್ ಪ್ರಮಾಣಪತ್ರ ಅಮೆರಿಕದ ಸಂಗಾತಿ ವೀಸಾಕ್ಕೆ ಬೇಕು, ಬ್ರಿಟನ್ನಿನದಕ್ಕೆ ಕೇಳುವುದಿಲ್ಲ. ಅಪೋಸ್ಟಿಲ್ ಮೊಹರನ್ನೂ ಕೇಳುವುದಿಲ್ಲ.

ಅವರು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ ಮಾತು ಇನ್ನೊಂದಿದೆ. ನೀವು ಅರ್ಹರೋ ಅಲ್ಲವೋ ಎಂದು ನಾನು ಹೇಳುವುದಿಲ್ಲ, ನಾನು ವಕೀಲನಲ್ಲ, ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ನಿಯಮಗಳಿವೆ, ನೀವೂ ನಿಮ್ಮ ಮನೆಯವರೂ ಓದಿಕೊಳ್ಳಿ, ಸಂದೇಹವಿದ್ದರೆ ಆ ದೇಶದ ಅಧಿಕೃತ ವಲಸೆ ಸಲಹೆಗಾರರನ್ನು ಅವರು ಅಲ್ಲಿ ಕೇಳಲಿ ಎಂದರು. ಹೇಳಿದ್ದರ ಪುರಾವೆ ಕಡತದಲ್ಲಿರಬೇಕು, ಕಡತದಲ್ಲಿರುವುದು ಒಂದಕ್ಕೊಂದು ಹೊಂದಬೇಕು, ಓದುವ ಅಧಿಕಾರಿಗೆ ಹುಡುಕದೆ ಸಿಗಬೇಕು. ತಮ್ಮ ಹೊಣೆ ಇಷ್ಟು ಮಾತ್ರ ಎಂದೂ ಹೇಳಿದರು. ಗ್ಯಾರಂಟಿ ಎಂಬ ಪದವನ್ನು ಕೇಳಿ ಕೇಳಿ ದಣಿದಿದ್ದ ನನಗೆ ಈ ಮಾತಿನಿಂದ ಎಷ್ಟು ಧೈರ್ಯ ಬಂತೆಂದು ಹೇಳಲಾರೆ. ನಾನು ಈ ಸೇವೆಯನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣವೂ ಇದೇ.

ಕೆಲಸದ ಬಹುಪಾಲು ಹೋದದ್ದು ಹೆಸರಿನ ಮೇಲೆ. ನಮ್ಮ ಕಡೆಯ ಹೆಸರುಗಳ ತೊಡಕು ಹೊರಗಿನವರಿಗೆ ತಿಳಿಯುವುದು ಕಷ್ಟ. ನನ್ನ ಹೆಸರಿಗಿರುವ ಎರಡು ಇನಿಷಿಯಲ್‌ಗಳಲ್ಲಿ ಮೊದಲನೆಯದು ಊರಿನದು, ಎರಡನೆಯದು ಅಪ್ಪನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್‌ಗಳು ಹೆಸರಿಗೆ ಮೊದಲು ಇವೆ, ಪದವಿ ಪ್ರಮಾಣಪತ್ರದಲ್ಲಿ ಹೆಸರಾದ ಮೇಲೆ ಇವೆ, ಆಧಾರ್‌ನಲ್ಲಿ ಒಂದೇ ಒಂದು ಇದೆ. ಪಾಸ್‌ಪೋರ್ಟಿನಲ್ಲಿ ಎರಡನ್ನೂ ಬಿಡಿಸಿ ಬರೆದು, ಅಪ್ಪನ ಹೆಸರನ್ನು ಕುಲನಾಮದ ಜಾಗಕ್ಕೆ ಹಾಕಿದ್ದಾರೆ. ಹಾಗಾಗಿ ಇಂಗ್ಲೆಂಡಿನ ಕಾಗದದಲ್ಲಿ ನನ್ನನ್ನು ಕರೆಯುವುದು ನನ್ನ ಅಪ್ಪನ ಹೆಸರಿನಿಂದ. ಅಪ್ಪನ ಹೆಸರಾದರೂ ಒಂದೇ ಇದೆಯೇ ಎಂದರೆ ಅದೂ ಇಲ್ಲ. ಪಹಣಿಯಲ್ಲಿ "ಅಯ್ಯ" ಎಂದು ಮುಗಿಯುವುದು ನನ್ನ ಜನನ ಪ್ರಮಾಣಪತ್ರದಲ್ಲಿ "ಅಪ್ಪ" ಎಂದು ಮುಗಿಯುತ್ತದೆ. ಹೆಂಡತಿಯದೂ ಇದೇ ಕಥೆ, ಅವಳ ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಕುಲನಾಮವಾಗಿ ಕುಳಿತಿರುವುದು ನನ್ನ ಮಾವನವರ ಹೆಸರು. ಗಂಡಹೆಂಡಿರ ಕುಲನಾಮ ಒಂದೇ ಇರಬೇಕೆಂಬ ನಿಯಮವೇನೂ ಇಲ್ಲ. ಆದರೆ ಮದುವೆ ಪ್ರಮಾಣಪತ್ರದಲ್ಲಿರುವವನೂ ಪಾಸ್‌ಪೋರ್ಟಿನಲ್ಲಿರುವವನೂ ಒಬ್ಬನೇ ಎಂಬುದು ಕಡತ ತೆರೆದ ಕೂಡಲೇ ಕಾಣಬೇಕು.

ಯಜಮಾನರು ಒಂದು ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದರು. ಎಡಕ್ಕೆ ದಾಖಲೆಯ ಹೆಸರು, ನಡುವೆ ಅದರಲ್ಲಿ ನನ್ನ ಹೆಸರು ಬರೆದಿರುವ ರೀತಿ ಅಕ್ಷರಕ್ಕೆ ಅಕ್ಷರ, ಬಲಕ್ಕೆ ವ್ಯತ್ಯಾಸಕ್ಕೆ ಕಾರಣ. ಕೊನೆಯಲ್ಲಿ ನಾಲ್ಕು ಸಾಲಿನ ವಿವರಣೆ: ಕರ್ನಾಟಕದ ಈ ಭಾಗದಲ್ಲಿ ಕುಲನಾಮದ ಬದಲು ಊರು ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳನ್ನು ಬಳಸುವ ರೂಢಿಯಿದೆ, ಈ ಎಲ್ಲ ದಾಖಲೆಗಳೂ ಒಬ್ಬನೇ ವ್ಯಕ್ತಿಯವು. ಅದನ್ನು ನೋಟರಿಯವರ ಮುಂದೆ ಅಫಿಡವಿಟ್ ಆಗಿ ಮಾಡಿಸಿ, ಕಡತದ ಎರಡನೆಯ ಪುಟವಾಗಿ ಇರಿಸಿದರು. ಇಪ್ಪತ್ತು ವರ್ಷದಿಂದ ಹಾಜರಿ ಪುಸ್ತಕದಲ್ಲಿ ಮಕ್ಕಳ ಇನಿಷಿಯಲ್‌ಗಳನ್ನು ಬರೆಯುತ್ತಿರುವ ನನಗೆ, ಆ ಒಂದೆರಡು ಅಕ್ಷರಗಳು ಒಬ್ಬ ಮನುಷ್ಯನನ್ನು ಎಲ್ಲಿಯ ತನಕ ಹಿಂಬಾಲಿಸುತ್ತವೆ ಎಂದು ಆ ಪಟ್ಟಿ ನೋಡಿದಾಗ ತಿಳಿಯಿತು. ಈಗ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯ ನೋಂದಣಿ ಮಾಡುವಾಗ ಆಧಾರ್ ಮತ್ತು ಜನನ ಪ್ರಮಾಣಪತ್ರ ಎರಡನ್ನೂ ಎದುರಿಗಿಟ್ಟುಕೊಂಡೇ ಹೆಸರು ಬರೆಯುತ್ತೇವೆ.

ಅನುವಾದದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿಲ್ಲದ ಪ್ರತಿಯೊಂದು ದಾಖಲೆಗೂ ಪೂರ್ಣ ಅನುವಾದ ಬೇಕು. ಅದು ಮೂಲದ ನಿಖರ ಅನುವಾದವೆಂದು ಅನುವಾದಕರು ದೃಢೀಕರಿಸಿ, ದಿನಾಂಕ, ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಕೊಡಬೇಕು. ಬೇಕೆನಿಸಿದರೆ ಅಧಿಕಾರಿಗಳು ಅದನ್ನು ಸ್ವತಂತ್ರವಾಗಿ ಪರಿಶೀಲಿಸುವಂತಿರಬೇಕು. ಹೀಗಾಗಿ ಕನ್ನಡ ಎಂ.ಎ. ಮಾಡಿದ ನಾನೇ ನನ್ನ ದಾಖಲೆಗಳನ್ನು ಅನುವಾದಿಸಿಕೊಳ್ಳುವಂತಿರಲಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಮದುವೆ ಪ್ರಮಾಣಪತ್ರದಲ್ಲಿ ಕೈಯಲ್ಲಿ ತುಂಬಿದ ವಿವರಗಳು ಕನ್ನಡದಲ್ಲಿದ್ದವು. ಲಗ್ನಪತ್ರಿಕೆ ಪೂರ್ತಿ ಕನ್ನಡದಲ್ಲಿತ್ತು.

ಬೆಂಗಳೂರಿನ ಏಜೆನ್ಸಿ ನನ್ನ ಸಹನೆ ಕೆಡಿಸಿದ್ದು ಈ ಲಗ್ನಪತ್ರಿಕೆಯಲ್ಲಿ. ವರನ ಹೆಸರಿಗೆ ಮೊದಲು ಇರುವ "ಚಿ॥" ಎಂಬುದನ್ನು, ಚಿರಂಜೀವಿ ಎಂಬುದರ ಹ್ರಸ್ವರೂಪವೆಂದು ತಿಳಿಯದೆ, ಅವರ ಅನುವಾದಕ ಒಂದು ಇನಿಷಿಯಲ್ ಎಂದು ಬರೆದಿದ್ದ. ಮೊದಲೇ ನಾಲ್ಕು ರೂಪದಲ್ಲಿದ್ದ ನನ್ನ ಹೆಸರಿಗೆ ಐದನೆಯ ರೂಪ ಬಂದಿತ್ತು. ವಧುವಿನ "ಚಿ॥ ಸೌ॥" ಎರಡು ಇನಿಷಿಯಲ್‌ಗಳಾಗಿದ್ದವು. "ಕ್ರೋಧಿ ನಾಮ ಸಂವತ್ಸರ" ಎಂಬಲ್ಲಿ ಕ್ರೋಧಿಯನ್ನು ಸಿಟ್ಟಿನ ವರ್ಷ ಎಂದು ಅರ್ಥ ಮಾಡಿ ಬರೆದಿದ್ದ. ಮದುವೆ ನಿಜವೋ ಅಲ್ಲವೋ ಎಂದು ತೀರ್ಮಾನಿಸಬೇಕಾದ ಅಧಿಕಾರಿಯ ಮುಂದೆ ಆ ಹಾಳೆ ಹೋಗುತ್ತಿತ್ತು.

ತುಮಕೂರಿನ ಯಜಮಾನರು ಅದೇ ಪತ್ರಿಕೆಯನ್ನು ಹೇಗೆ ಮಾಡಿದರು ಎಂಬುದನ್ನು ಎದುರಿಗೆ ಕೂತು ನೋಡಿದೆ. "ಚಿ॥" ಬಂದಲ್ಲಿ ಇದು ವಯಸ್ಸಿನಲ್ಲಿ ಕಿರಿಯರ ಹೆಸರಿಗೆ ಸೇರಿಸುವ ಹಾರೈಕೆಯ ಮಾತು, ಹೆಸರಿನ ಭಾಗವಲ್ಲ ಎಂದು ಚೌಕಕಂಸದಲ್ಲಿ ಟಿಪ್ಪಣಿ ಹಾಕಿದರು. ಸಂವತ್ಸರ, ದಕ್ಷಿಣಾಯನ, ಶರದೃತು, ಕಾರ್ತಿಕ ಮಾಸ ಎಲ್ಲವನ್ನೂ ಉಚ್ಚಾರದಂತೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಇವು ಚಾಂದ್ರಮಾನ ಪಂಚಾಂಗದ ಪ್ರಕಾರ ಅದೇ ದಿನವನ್ನು ಸೂಚಿಸುವ ಮಾತುಗಳು ಎಂದು ಕೆಳಗೆ ತಿಳಿಸಿ, ಪತ್ರಿಕೆಯಲ್ಲೇ ಅಚ್ಚಾಗಿದ್ದ 2024ರ ತಾರೀಖನ್ನು ಎದ್ದು ಕಾಣುವಂತೆ ಇರಿಸಿದರು. "ಧಾರಾ ಮುಹೂರ್ತ" ಎಂಬಲ್ಲಿ ಪೆನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಮದುವೆಯ ಸಮಯ ಎಂದಷ್ಟೇ ಬರೆದರೆ ಸಾಲದು, ಕನ್ಯೆಯನ್ನು ಧಾರೆಯೆರೆದು ಕೊಡುವ ಆ ಗಳಿಗೆಯೇ ಮದುವೆ ಎಂದು ತಿಳಿಯಬೇಕಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಬರೆದರು. ನಂತರ ಆ ಸಾಲನ್ನು ನನಗೆ ಓದಿ ಹೇಳಿ, ಸರಿಯಾಯಿತೇ ಎಂದು ಕೇಳಿದರು. ಕೋರ್ಟಿನಲ್ಲಿ ಸಾಕ್ಷಿಯ ಮಾತನ್ನು ಒಂದು ಪದ ಹೆಚ್ಚುಕಡಿಮೆಯಾಗದಂತೆ ಅನುವಾದಿಸಿ ಅಭ್ಯಾಸವಾದ ಕೈ ಅದು.

ಸಂಬಂಧದ ಪುರಾವೆಗೆ ಫೋಟೋ, ಪ್ರಯಾಣದ ಟಿಕೆಟ್, ಫೋನ್ ಸಂಭಾಷಣೆ ಬೇಕು. ಸಿದ್ಧಗಂಗೆಯ ಜಾತ್ರೆಯಲ್ಲಿ ತೆಗೆದದ್ದು, ಕ್ಯಾತ್ಸಂದ್ರದಲ್ಲಿ ಎರಡೂ ಮನೆಯವರು ತಟ್ಟೆ ಇಡ್ಲಿ ತಿನ್ನುತ್ತಾ ಕೂತದ್ದು, ಮದುವೆಯದು, ಅವಳನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ ದಿನದ್ದು ಹೀಗೆ ಹದಿನೆಂಟು ಫೋಟೋ ಆರಿಸಿ, ಪ್ರತಿಯೊಂದರ ಕೆಳಗೆ ದಿನ, ಸ್ಥಳ, ಇರುವವರು ಯಾರು ಎಂದು ಬರೆಸಿದರು. ವಾಟ್ಸಾಪ್ ಮಾತುಕತೆ ಇನ್ನೂರು ಪುಟಕ್ಕೂ ಹೆಚ್ಚಿತ್ತು, ಎಲ್ಲವೂ ಕನ್ನಡ. ಪುಟಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುವವರು ಎಲ್ಲವನ್ನೂ ತನ್ನಿ ಎನ್ನಬಹುದಿತ್ತು. ಅವರು ತಿಂಗಳಿಗೆ ಅರ್ಧ ಪುಟದಂತೆ ಆರಿಸಿಕೊಂಡು ಬನ್ನಿ, ನಿಮ್ಮಿಬ್ಬರಿಗೆ ಮಾತ್ರ ಸೇರಿದ್ದನ್ನು ತರಬೇಡಿ ಎಂದರು. ಆರಿಸಲು ಕೂತಾಗ ಕಂಡದ್ದೇನೆಂದರೆ, ಎರಡು ವರ್ಷದಲ್ಲಿ ಅವಳು ನನ್ನನ್ನು "ಊಟ ಆಯ್ತಾ" ಎಂದು ಕೇಳದ ದಿನವಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ನಿಂತು ಕೇಳಿದ್ದೂ ಇದೆ. ಯಜಮಾನರು ಆ ಪುಟಗಳನ್ನು ತಾವೇ ಓದಿದರು, ತಾವೇ ಟೈಪು ಮಾಡಿದರು, ಸೊಸೆಯ ಕೈಗೂ ಕೊಡಲಿಲ್ಲ. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಿಂದ ಅಳಿಸಿದ್ದನ್ನು ನನ್ನ ಎದುರಿಗೇ ತೋರಿಸಿದರು. ಇಂಥ ಸೇವೆಗೆ ಹೋಗುವವರು ಶುಲ್ಕಕ್ಕಿಂತ ಮೊದಲು ಈ ಗುಣವನ್ನು ನೋಡಬೇಕೆಂದು ನನ್ನ ಅಭಿಪ್ರಾಯ. ಮನೆಯ ಒಳಗಿನ ಮಾತನ್ನು ಅಪರಿಚಿತರ ಕೈಗೆ ಕೊಡುತ್ತಿದ್ದೇವೆ.

ಕಡತ ಬಹುತೇಕ ಮುಗಿದಿತ್ತು. ಹೆಂಡತಿ ಆರು ತಿಂಗಳ ಸಂಬಳ ಚೀಟಿ, ಅದೇ ಆರು ತಿಂಗಳ ಬ್ಯಾಂಕ್ ವಿವರಪಟ್ಟಿ, ಆಸ್ಪತ್ರೆಯಿಂದ ಕೆಲಸದ ಪತ್ರ ಎಲ್ಲವನ್ನೂ ಕಳಿಸಿದ್ದಳು. ಚೀಟಿಯಲ್ಲಿರುವ ಕೈಗೆ ಬಂದ ಸಂಬಳ ಬ್ಯಾಂಕಿನ ಜಮಾ ಸಾಲಿನೊಂದಿಗೆ ಪೈಸೆಗೆ ಪೈಸೆ ಹೊಂದುತ್ತದೆಯೇ ಎಂದು ಸೊಸೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ನೋಡಿದರು. ಇನ್ನೇನು ಅಂದೇ ಸಂಜೆ ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಬೇಕೆಂದು ನಾನು ಹೊರಟಿದ್ದೆ. ಯಜಮಾನರು ಎದ್ದು ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರಿನ ಮುಂದೆ ನಿಂತು, ಬ್ಯಾಂಕ್ ಪಟ್ಟಿಯ ಕೊನೆಯ ತಾರೀಖಿನಿಂದ ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ಎಣಿಸಿದರು. ಮೂವತ್ತೊಂದು ದಿನ. ವರಮಾನದ ಇತ್ತೀಚಿನ ದಾಖಲೆ ಅರ್ಜಿಯ ದಿನಕ್ಕಿಂತ 28 ದಿನಕ್ಕೂ ಹಿಂದಿನದಾಗಿರಬಾರದು ಎಂಬುದು ನಿಯಮ, ಅರ್ಜಿಯ ದಿನ ಎಂದರೆ ಆನ್‌ಲೈನಿನಲ್ಲಿ ಶುಲ್ಕ ಕಟ್ಟಿ ಸಲ್ಲಿಸಿದ ದಿನ. ಹೊಸ ತಿಂಗಳ ಸಂಬಳ ಬೀಳುವ ತನಕ ನಿಲ್ಲಿಸಿ, ಹೊಸ ಚೀಟಿ ಮತ್ತು ಹೊಸ ಬ್ಯಾಂಕ್ ಪಟ್ಟಿ ತರಿಸಿ, ಅದಾದ ಮೂರನೆಯ ದಿನ ಸಲ್ಲಿಸಿದೆವು. ಆ ಸಂಜೆ ಅವರು ಎಣಿಸದೇ ಇದ್ದಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ಅರ್ಜಿ ತಿರಸ್ಕೃತವಾದರೆ, ಅಲ್ಲಿಯ ಸರ್ಕಾರಿ ವೈದ್ಯಸೇವೆಗೆಂದು ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಶುಲ್ಕ ವಾಪಸ್ ಬರುತ್ತದೆ, ಅರ್ಜಿಯ ಶುಲ್ಕ ಬರುವುದಿಲ್ಲ.

ಉಳಿದದ್ದು ಹೆಚ್ಚು ತೊಂದರೆಯಿಲ್ಲದೆ ನಡೆಯಿತು. ಕ್ಷಯರೋಗದ ಪರೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆದು ಪ್ರಮಾಣಪತ್ರ ಕೊಟ್ಟರು; ಅದಕ್ಕೆ ಆರು ತಿಂಗಳ ಅವಧಿಯಿದೆ. ಎ1 ಪರೀಕ್ಷೆಗೆ ಹೆದರುವುದೇನೂ ಬೇಡ, ನಿತ್ಯದ ಮಾತು ಬಂದರೆ ಸಾಕು. ಸೊಸೆ ಎಲ್ಲ ಹಾಳೆಗಳನ್ನು ಸ್ಕ್ಯಾನ್ ಮಾಡಿ, ವಿಷಯವಾರು ಹೆಸರಿಟ್ಟು, ಓರೆಯಾದದ್ದನ್ನು ಮತ್ತೆ ತೆಗೆದು, ಅಪ್‌ಲೋಡ್ ಮಾಡುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ವೀಸಾ ಅರ್ಜಿಗಳನ್ನು ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಭಾವಚಿತ್ರ ಕೊಟ್ಟು, ಪಾಸ್‌ಪೋರ್ಟ್ ಒಪ್ಪಿಸಿ, ಮಧ್ಯಾಹ್ನದ ರೈಲಿಗೆ ವಾಪಸ್ ಬಂದೆ. ಅಲ್ಲಿರುವವರು ಅರ್ಜಿಯನ್ನು ತೆಗೆದುಕೊಳ್ಳುತ್ತಾರೆಯೇ ಹೊರತು ತೀರ್ಮಾನ ಮಾಡುವವರು ಬ್ರಿಟನ್ ಸರ್ಕಾರದ ಅಧಿಕಾರಿಗಳು ಎಂಬುದನ್ನು ಹೋಗುವವರು ನೆನಪಿಟ್ಟುಕೊಂಡರೆ, ಕೌಂಟರಿನಲ್ಲಿ ನಿಂತು ನನಗೆ ಸಿಗುತ್ತದೆಯೇ ಎಂದು ಕೇಳುವುದು ತಪ್ಪುತ್ತದೆ.

2025ರಲ್ಲಿ ನನಗಾದ ಖರ್ಚಿನ ಲೆಕ್ಕ ಹೀಗಿತ್ತು. ಅರ್ಜಿಯ ಶುಲ್ಕ 1,938 ಪೌಂಡ್. ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡಿನಂತೆ, 33 ತಿಂಗಳನ್ನು ಮೂರು ವರ್ಷವೆಂದು ಹಿಡಿದು, 3,105 ಪೌಂಡ್. ಎರಡೂ ಸೇರಿ 5,043 ಪೌಂಡ್, ಅಂದರೆ ನಮ್ಮ ರೂಪಾಯಿಯಲ್ಲಿ ಐದೂಮುಕ್ಕಾಲು ಲಕ್ಷಕ್ಕೂ ಮೇಲೆ. ಒಬ್ಬ ನರ್ಸ್ ಮತ್ತು ಒಬ್ಬ ಶಾಲಾ ಮೇಷ್ಟ್ರು ಮದುವೆಯಾದ ಮೇಲೆ ಒಂದೇ ಸೂರಿನಡಿ ಇರಲು ಇಷ್ಟು ಕಟ್ಟಬೇಕಾಗುವುದು ಅನ್ಯಾಯವೆಂದೇ ನನ್ನ ಭಾವನೆ. ಈ ದೊಡ್ಡ ಮೊತ್ತದ ಪಕ್ಕದಲ್ಲಿ ತುಮಕೂರಿನ ಕಚೇರಿ ತೆಗೆದುಕೊಂಡದ್ದು ಒಟ್ಟು 11,400 ರೂಪಾಯಿ. ಅನುವಾದ ಪುಟಕ್ಕೆ 350, ಕಡತ ಜೋಡಿಸಿ ಸ್ಕ್ಯಾನ್ ಮಾಡಿದ್ದಕ್ಕೆ ಬೇರೆ, ನೋಟರಿಯವರದು ಬೇರೆ. ಪ್ರತಿಯೊಂದನ್ನೂ ರಸೀದಿಯಲ್ಲಿ ಬಿಡಿಸಿ ಬರೆದಿದ್ದರು. ಹೊಸ ಬ್ಯಾಂಕ್ ಪಟ್ಟಿ ಬಂದಾಗ ಕಡತದ ಆ ಭಾಗವನ್ನು ಮತ್ತೆ ಮಾಡಿದ್ದಕ್ಕೆ ದುಡ್ಡು ಕೇಳಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಕಚೇರಿ ತೆರೆಯುವುದು ಸಂಜೆ ನಾಲ್ಕರ ಮೇಲೆ. ಕೆಲಸ ನಿಧಾನ, ಎರಡು ವಾರ ಎಂದದ್ದು ನನಗೆ ನಾಲ್ಕು ವಾರವಾಯಿತು, ಅದರಲ್ಲಿ ಒಂದು ವಾರ ಅವರ ಮನೆಯ ಗೃಹಪ್ರವೇಶಕ್ಕೆ ಹೋಯಿತು, ಅದನ್ನು ಮೊದಲೇ ತಿಳಿಸಿದ್ದರೆ ಚೆನ್ನಾಗಿತ್ತು. ಮೆಟ್ಟಿಲು ಕಡಿದು, ಕಂಬಿಯಿಲ್ಲ. ನನ್ನ ಅಪ್ಪ ಮೇಲೆ ಬರಲಾಗದೆ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲೇ ಕೂತಿದ್ದು ಸಹಿ ಹಾಕಿದರು. ಯುಪಿಐ ಇಲ್ಲ, ನಗದೇ ಕೊಡಬೇಕು. ಯಜಮಾನರು ಫೋನಿನಲ್ಲಿ ಹೆಚ್ಚು ಮಾತಾಡುವುದಿಲ್ಲ, ಒಂದು ಸಣ್ಣ ಪ್ರಶ್ನೆಗೂ ಬನ್ನಿ ನೋಡೋಣ ಎನ್ನುತ್ತಾರೆ. ಪಾವಗಡ, ಮಧುಗಿರಿಯಿಂದ ಬರುವವರಿಗೆ ಇದು ಕಷ್ಟ. ವೀಸಾ ಅರ್ಜಿ ಹಿಂದೆ ತಿರಸ್ಕೃತವಾಗಿದ್ದರೆ, ಮೊದಲ ಮದುವೆ ವಿಚ್ಛೇದನವಾಗಿದ್ದರೆ, ಮಕ್ಕಳನ್ನೂ ಕರೆದುಕೊಂಡು ಹೋಗುವುದಿದ್ದರೆ ಅವರು ಕಡತ ಮುಟ್ಟುವುದಿಲ್ಲ, ವಕೀಲರ ಬಳಿ ಹೋಗಿ ಎನ್ನುತ್ತಾರೆ. ಇದನ್ನು ಕೊರತೆ ಎನ್ನಬೇಕೋ ಬೇಡವೋ ನನಗೆ ತಿಳಿಯದು, ಆದರೆ ಹೋಗುವವರಿಗೆ ಗೊತ್ತಿರಲಿ.

ತೀರ್ಮಾನ ಒಂಬತ್ತನೆಯ ವಾರದಲ್ಲಿ ಬಂತು. ಬೆಳಿಗ್ಗೆ ಎರಡನೆಯ ಪಿರಿಯಡ್ ಮುಗಿಸಿ ಹೊರಬಂದಾಗ ಇ-ಮೇಲ್ ಬಂದಿತ್ತು, ಹೆಂಡತಿಗೆ ಫೋನು ಮಾಡಿದಾಗ ಅಲ್ಲಿ ಇನ್ನೂ ಮುಂಜಾನೆಯಾಗಿತ್ತು. ಪಾಸ್‌ಪೋರ್ಟಿನಲ್ಲಿ, ಆ ದೇಶದೊಳಗೆ ಮೊದಲ ಸಲ ಹೋಗುವುದಕ್ಕೆಂದು, 90 ದಿನದ ಪ್ರವೇಶದ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದರು. ಅದು ಕೈಗೆ ಬಂದ ದಿನ ಸಂಜೆ ಅದನ್ನು ಹಿಡಿದು, ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡು ಟೌನ್‌ಹಾಲ್ ಕಡೆಗೆ ಹೋದೆ. ಯಜಮಾನರು ಸ್ಟಿಕ್ಕರಿನ ಮೇಲಿನ ಹೆಸರನ್ನು ನಮ್ಮ ಪಟ್ಟಿಯ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಸರಿಯಿದೆ ಎಂದ ಮೇಲೆ ಡಬ್ಬಿ ತೆರೆದರು. ಕಡತದ ಮೂಲಪ್ರತಿಗಳನ್ನು ಒಂದು ದಪ್ಪ ಫೋಲ್ಡರಿನಲ್ಲಿ ಹಾಕಿ ಕೊಟ್ಟರು. ಕೊನೆಯಲ್ಲಿ ಎರಡು ಖಾಲಿ ಪ್ಲಾಸ್ಟಿಕ್ ಹಾಳೆಗಳಿದ್ದವು. ಒಂದರ ಮೇಲೆ "ಎ2, ವಿಸ್ತರಣೆಗೆ" ಎಂದೂ ಇನ್ನೊಂದರ ಮೇಲೆ "ಬಿ1, ಕಾಯಂ ವಾಸಕ್ಕೆ" ಎಂದೂ ಅವರ ಕೈಬರಹದಲ್ಲಿ ಚೀಟಿ ಅಂಟಿಸಿತ್ತು. "ಮುಂದಿನ ಪರೀಕ್ಷೆ ಸರ್ಟಿಫಿಕೇಟು ಇಲ್ಲಿ ಹಾಕಿ ಮೇಷ್ಟ್ರೇ, ಬೇರೆ ಕಡೆ ಇಟ್ರೆ ಸಿಗಲ್ಲ" ಎಂದರು.